ದೊಡ್ಡವ್ವನ ಪದವೂ ಏಳಲೊಲ್ಲದ ಕಂಪ್ಯೂಟರೂ

ಕೆಟ್ಟ ಸಾಮಾನನ್ನು ಕಣ್ಣು ಮುಚ್ಚಿ ಎಸೆಯುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ನನಗೆ ಎಸೆಯಲು ಮನಸ್ಸು ಬಾರದು, ರಿಪೇರಿ ಮಾಡಲು ಕೈ ಬಾರದು. ಮಳವಳ್ಳಿಯ ನಮ್ಮ ಮನೆಯ ಮೂಲೆಯಲ್ಲಿರುವ ಕಂಪ್ಯೂಟರೇ ಇದಕ್ಕೆ ಸಾಕ್ಷಿ. ಅದನ್ನು ಕೊಂಡಾಗ ನನ್ನ ತಲೆಯಲ್ಲಿ ಕೂದಲಿತ್ತು. ಅದರ ಪರದೆ ಎಂದೋ ಹಾಳಾಗಿ ಹೋಯಿತು. ಉಳಿದ ಪೆಟ್ಟಿಗೆಯ ಮೇಲೆ ನನ್ನ ಹೆಂಡತಿ ಸುಮಿತ್ರ ರಾಗಿಹಿಟ್ಟಿನ ಡಬ್ಬ ಇಟ್ಟಿದ್ದಾಳೆ. "ಅದರಲ್ಲಿರೋದನ್ನೆಲ್ಲ ಬೇರೆ ಕಡೆ ಹಾಕಿಟ್ಕೊಳ್ರೀ" ಎಂದು ಅವಳು ಹೇಳುತ್ತಲೇ ಇದ್ದಳು. ನಾನು "ಈ ಭಾನುವಾರ" ಎನ್ನುತ್ತಲೇ ಇದ್ದೆ. ಭಾನುವಾರಗಳಿಗೇನು ಬರವೇ?

ಹೀಗಿರುವಾಗ ಮಂಡ್ಯದ ಹತ್ತಿರದ ಹೊಳಲಿನಿಂದ ದೊಡ್ಡವ್ವನ ಫೋನು ಬಂತು. ಅರಿಶಿನ ಕುಟ್ಟುವಾಗ ಹಾಡುವ ಸೋಬಾನೆ ಪದವೊಂದು ಊರಿನಲ್ಲಿ ಅವಳೊಬ್ಬಳಿಗೇ ಬರುತ್ತಿತ್ತು. ಮೊಮ್ಮಗಳ ಮದುವೆಗೆ ವಾರ ಉಳಿದಿದೆ. "ಎಲ್ಡು ಸೊಲ್ಲು ಬತ್ತದೆ ಕಣ್ಲಾ, ಆಮೇಕೆ ಬಾಯ್ಗೇ ಬರಾಕಿಲ್ಲ. ಹೋದ್ ವರ್ಸ ಜರ ಬಂತಲ್ಲ, ಅದ್ರಲ್ಲೇ ಮರ್ತೋಯ್ತು. ನೀನು ಆ ಕಂಪೂಟ್ರಲ್ಲಿ ತುಂಬ್ಕಂಡಿದ್ಯಲ್ಲ, ತಕ್ಕೊಡು" ಎಂದಳು. ಕಂಪ್ಯೂಟರು ಕೊಂಡ ಹೊಸದರಲ್ಲಿ ಮೈಕು ಹಿಡಿದು ಅವಳ ಹಾಡನ್ನು ರೆಕಾರ್ಡ್ ಮಾಡಿದವನು ನಾನೇ. "ಅದಕ್ಕೇನು ದೊಡ್ಡವ್ವ, ಈಗಲೇ" ಎಂದುಬಿಟ್ಟೆ.

ಡಬ್ಬ ಇಳಿಸಿ, ಗುಂಡಿ ಒತ್ತಿದೆ. ದೀಪವಿಲ್ಲ, ಸದ್ದಿಲ್ಲ. ಪ್ಲಗ್ ಬದಲಿಸಿದೆ. ಬೇರೆ ವೈರು ಹಾಕಿದೆ. ಮುಚ್ಚಳ ಬಿಚ್ಚಿ, ಆಫೀಸಿನಲ್ಲಿ ಯಾರೋ ಹೇಳಿದ್ದು ನೆನಪಾಗಿ, ಒಳಗಿನ ಮೆಮೊರಿ ಪಟ್ಟಿಯನ್ನು ರಬ್ಬರಿನಿಂದ ತಿಕ್ಕಿದೆ. ಬೆವರು ಸುರಿಯಿತು. ಸುಮಿತ್ರ ಅಡುಗೆಮನೆಯಿಂದ ಇಣುಕಿ, "ಕರೆಂಟ್ ಹೋಗಿ ಅರ್ಧ ಗಂಟೆ ಆಯ್ತಲ್ರೀ, ಗೊತ್ತಿಲ್ವಾ?" ಎಂದಳು. ಕರೆಂಟು ಬಂತು. ಕಂಪ್ಯೂಟರು ಮಾತ್ರ ಏಳಲಿಲ್ಲ. ಆಗ ಸಿಟ್ಟಿನಲ್ಲಿ ಗುಂಡಿಗೆ ಎರಡು ಗುದ್ದು ಕೊಟ್ಟದ್ದೂ ನಿಜ.

ಮರುದಿನ ಪೆಟ್ಟಿಗೆಯನ್ನು ಹಳೆಯ ಪಂಚೆಯಲ್ಲಿ ಸುತ್ತಿ, ಮದ್ದೂರಿನಲ್ಲಿ ಬಸ್ಸು ಬದಲಿಸಿ, ನಾನೂ ಸುಮಿತ್ರಳೂ ಮಂಡ್ಯಕ್ಕೆ ಹೊರಟೆವು. ತೊಡೆಯ ಮೇಲಿನ ಗಂಟು ನೋಡಿ ಕಂಡಕ್ಟರು, "ಏನ್ ಸಾ ಅದು, ಕೋಳಿನಾ? ಉಸುರಾಡಂಗಿದ್ರೆ ಟಿಕೆಟ್ ತಗೋಬೇಕು" ಎಂದ. "ಉಸಿರಾಡಂಗಿದ್ದಿದ್ರೆ ನಾನ್ಯಾಕಪ್ಪ ಹೊತ್ಕೊಂಡು ತಿರುಗ್ತಿದ್ದೆ" ಎಂದೆ. ನಗುವಷ್ಟು ಶಕ್ತಿಯೂ ನನ್ನಲ್ಲಿರಲಿಲ್ಲ.

ಮಂಡ್ಯದ ರಿಪೇರಿ ಅಂಗಡಿಯ ನಯಾಜ್ ಮುಚ್ಚಳ ತೆಗೆದು, ಸ್ಕ್ರೂಡ್ರೈವರಿನ ತುದಿಯನ್ನು ಒಳಗೆ ಗುಂಡಿಯ ವೈರು ಬಂದು ಸೇರುವ ಮುಳ್ಳಿನಂಥ ಎರಡು ಪಿನ್ನುಗಳಿಗೆ ಒಟ್ಟಿಗೆ ತಾಗಿಸಿದ. ಫ್ಯಾನು ಗುರ್ ಎಂದಿತು! ಸತ್ತವರು ಮಗ್ಗುಲಾದದ್ದನ್ನು ಕಂಡವನಂತೆ ನಾನು ಎರಡು ಹೆಜ್ಜೆ ಹಿಂದೆ ಸರಿದೆ.

"ಮಿಷನ್ ಚೆನ್ನಾಗೇ ಐತೆ ಸಾ. ಆನ್ ಮಾಡೋ ಗುಂಡಿ ಅಷ್ಟೇ ಸತ್ತಿರೋದು. ಮೊದ್ಲೇ ಸವೆದಿತ್ತು, ಅದರ ಮೇಲೆ ಯಾರೋ ಗುದ್ದವ್ರೆ" ಎಂದ.

"ಯಾರು ಗುದ್ದಿದರೋ" ಎಂದೆ. ಸುಮಿತ್ರ ರಸ್ತೆಯ ಕಡೆ ನೋಡಿದಳು.

ಹಾಡನ್ನು ಪೆನ್‌ಡ್ರೈವಿಗೆ ಹಾಕಿಸಿಕೊಂಡು ಅಲ್ಲಿಂದಲೇ ಹೊಳಲಿಗೆ ಹೋದೆವು. ಮೊಮ್ಮಗಳು ಲ್ಯಾಪ್‌ಟಾಪ್ ತಂದಳು. ಮನೆಯವರೆಲ್ಲ ಸುತ್ತ ಕೂತರು. ಮೊದಲು "ಹಲೋ, ಹಲೋ" ಎಂಬ ನನ್ನ ಧ್ವನಿ, ಆಮೇಲೆ ದೊಡ್ಡವ್ವನದು. ಕಂಚಿನಂಥ ಕಂಠ. ದೊಡ್ಡವ್ವ ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕತೊಡಗಿದಳು. ಎರಡು ಸೊಲ್ಲು ಮುಗಿದವು. ಮೂರನೆಯದು ಶುರುವಾಗಬೇಕು, ಅಷ್ಟರಲ್ಲಿ ಮತ್ತೆ ನನ್ನ ಧ್ವನಿ: "ಸ್ವಲ್ಪ ಮುಂದಕ್ಕೆ ಬಾ ದೊಡ್ಡವ್ವ. ನೋಡು, ನೀನು ಹಾಡಿದಂಗೆಲ್ಲ ಪರದೆ ಮೇಲೆ ಈ ಗೆರೆ ಹೆಂಗೆ ಕುಣೀತದೆ! ಇದು ಯಾಕೆ ಅಂದ್ರೆ..." ವಿವರಣೆ ಪದದ ಕೊನೆಯವರೆಗೂ ನಡೆಯಿತು. ಹಿಂದೆಲ್ಲೋ ದೊಡ್ಡವ್ವ ಪಾಪ ಹಾಡುತ್ತಲೇ ಇದ್ದಳು. ಒಂದು ಮಾತೂ ತಿಳಿಯದು.

ಎಲ್ಲರೂ ನನ್ನ ಕಡೆ ತಿರುಗಿದರು. ದೊಡ್ಡವ್ವನೇ ಸಿಡಿದಳು: "ಅವತ್ತೂ ಬಾಯ್ ಮುಚ್ನಿಲ್ವಲ್ಲೋ ನೀನು! ನಾನಲ್ಲಿ ಏನಂದೆ ಅಂತ ಕೇಳುಸ್ಕಂಡ್ಯೇನ್ಲಾ?" ಆ ಸಿಟ್ಟಿನಲ್ಲೇ, ನನಗೆ ಬುದ್ಧಿ ಕಲಿಸುವವಳಂತೆ, ಮೂರನೆಯ ಸೊಲ್ಲನ್ನು ಹಾಡಿಬಿಟ್ಟಳು. ಹಾಡಿದವಳು ತಾನೇ ಬೆರಗಾದಳು. ಗಂಟಲು ಒಡೆದಿತ್ತು, ಆದರೆ ಪದ ಬಂದಿತ್ತು. ಅವಳ ಕಣ್ಣು ತುಂಬಿತು. ಮೊಮ್ಮಗಳು ರೆಕಾರ್ಡ್ ಮಾಡಲು ಸರಕ್ಕನೆ ಫೋನು ಹಿಡಿದಳು.

ನನಗೂ ತಡೆಯಲಾಗಲಿಲ್ಲ. "ಸ್ವಲ್ಪ ಮುಂದಕ್ಕೆ ಬಾ ದೊಡ್ಡವ್ವ" ಎಂದೆ.

ಮೊಮ್ಮಗಳು ಫೋನು ಇಳಿಸಿ ಬಹಳ ಮರ್ಯಾದೆಯಿಂದ, "ಚಿಕ್ಕಪ್ಪ, ನೀವು ಸ್ವಲ್ಪ ಹೊತ್ತು ಜಗಲಿ ಮೇಲೆ ಕೂತಿರ್ತೀರಾ?" ಎಂದಳು.

ಉಳಿದ ಪದವನ್ನು ನಾನು ಜಗಲಿಯಲ್ಲಿ ಕೂತು ಕೇಳಿದೆ. ಪ್ರತಿಯೊಂದು ಮಾತೂ ಸ್ಪಷ್ಟವಾಗಿ ಕೇಳಿಸಿತು.