ಹಗ್ಗಕ್ಕೆ ಕೈ ಹಾಕಿದವರ ಪಾಲು

ಒಂದು ವೇಳೆ ಅದು ನಿಲ್ಲದೇ ಹೋದರೆ?

ಎಂಟು ದಿನದಿಂದ ಈ ಒಂದೇ ಪ್ರಶ್ನೆ ನನ್ನ ತಲೆ ತಿನ್ನುತ್ತಿತ್ತು. (ಮಗಳು ಅಮೂಲ್ಯಾ ಗುಂಡಿ ನುಂಗಿಯಾಳು, ತೆಂಗಿನಕಾಯಿ ತಲೆಗೆ ಬಿದ್ದೀತು ಎಂಬ ನಿತ್ಯದ ಚಿಂತೆಗಳು ಬೇರೆ, ಅವಕ್ಕೆ ರಜೆಯಿಲ್ಲ.) ‘ಅದು’ ಎಂದರೆ ನನ್ನ ಪತಿರಾಯ ದಿನಕರರ ಮಹಾನಿರ್ಮಾಣ. ಕಡಲಂಚಿನ ಕಾಗಾಲದ ನಮ್ಮ ಅಂಗಳದಲ್ಲಿ ದೋಣಿ ಇಂಜಿನ್ ರಿಪೇರಿ ಮಾಡುವ ಇವರಿಗೆ ಯಾರೋ ಪ್ರವಾಸಿ ಒಂದು ಮೌಂಟನ್‌ಬೋರ್ಡ್ ಕೊಟ್ಟು ಹೋಗಿದ್ದ. ಗಾಳಿ ತುಂಬಿದ ನಾಲ್ಕು ದಪ್ಪ ಟಯರಿನ ಉದ್ದ ಹಲಗೆ. ಅದರ ಮೇಲೆ ನಿಂತು ಗುಡ್ಡ ಇಳಿಯುತ್ತಾರಂತೆ, ಪುಣ್ಯಾತ್ಮರು. ಇವರು ಹಿಂದಿನ ಒಂದು ಗಾಲಿ ಕಿತ್ತು, ಹೊಟ್ಟೆಯೊಳಗೇ ಮೋಟರು ಇಟ್ಟುಕೊಂಡ ಗಾಲಿಯನ್ನು ಕೂರಿಸಿದರು. ಹಬ್ ಮೋಟರ್ ಅಂತೆ. ಹಳೆಯ ಸ್ಕೂಟರಿನ ಬ್ಯಾಟರಿ ಬಿಗಿದರು. ಮೇಲೊಂದು ಪ್ಲಾಸ್ಟಿಕ್ ಕುರ್ಚಿಯನ್ನು ಬೋಲ್ಟ್ ಹಾಕಿ ಪ್ರತಿಷ್ಠಾಪಿಸಿದರು.

ಸಿಂಹಾಸನ ಯಾರಿಗೆ? ಮಾವನಿಗೆ.

ಮಾವ ದುರ್ಗಪ್ಪ ಒಂದು ಕಾಲದಲ್ಲಿ ದಡದ ಮೇಲೆ ನಿಂತು, ನೀರಿನ ಬಣ್ಣ ನೋಡಿಯೇ ಬಂಗಡೆ ಮೀನು ಎಲ್ಲಿದೆ ಎಂದು ಹೇಳುತ್ತಿದ್ದವರು. ಅವರು ಕೈಯೆತ್ತಿದರೆ ಊರಿಗೆ ಊರೇ ಓಡಿಬಂದು ಬಲೆ ಎಳೆಯುತ್ತಿತ್ತು. ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಪಾಲು. ಮದುವೆಯಾಗಿ ಹುಬ್ಬಳ್ಳಿಯಿಂದ ಬಂದ ವಾರ, ಅಲೆಗೆ ಹೆದರಿ ದೂರ ನಿಂತಿದ್ದ ನನ್ನ ಕೈಗೂ ಹಗ್ಗದ ತುದಿ ಕೊಟ್ಟಿದ್ದರು. ಐದು ಬಂಗಡೆ ಸಿಕ್ಕಿತ್ತು. ಅಂಗೈ ಉರಿಯುತ್ತಿತ್ತು, ನಗು ನಿಲ್ಲುತ್ತಿರಲಿಲ್ಲ. ಈಗ ಮಾವನ ಮೊಣಕಾಲು ಸವೆದಿದೆ. ಕೋಲೂರಿ ರಸ್ತೆಯಲ್ಲಿ ನಡೆದಾರು, ದಡದ ಹೊಯಿಗೆಯಲ್ಲಿ, ಆ ಸಡಿಲ ಮರಳಿನಲ್ಲಿ, ಕಾಲು ಏಳುವುದಿಲ್ಲ. ನೀರಿನ ಅಂಚು ಮುಟ್ಟಿ ಎರಡು ವರ್ಷವಾಯಿತು.

ಇಷ್ಟೆಲ್ಲ ಗೊತ್ತಿದ್ದೂ ನಾನು ಅಡ್ಡಗಾಲು ಹಾಕಿದೆ. “ಬೇಡ ಮಾವಾ. ಬಿದ್ದು ಸೊಂಟ ಮುರಿದರೆ?”

ಮಾವ “ಆತು” ಎಂದರು. ಮರುದಿನವೇ ಭಟ್ಕಳಕ್ಕೆ, ಮಗಳು ಮಾಲಿನಿಯ ಮನೆಗೆ ಹೊರಟುಬಿಟ್ಟರು. ಜಗಳವಾಡಿದ್ದರೆ ವಾಸಿಯಿತ್ತು. ಅಂದಿನಿಂದ ಅವರಿಗೆ ಫೋನು ಮಾಡಲು ನನಗೆ ಮುಖವಿಲ್ಲ.

ಒಂಬತ್ತನೆಯ ಸಂಜೆ ಇವರೇ ಕೆಣಕಿದರು. “ಎಂತಾ ಆಗೂದಿಲ್ಲ ಮಾರಾಯ್ತಿ. ನೀನೇ ಕೂತು ನೋಡು.”

“ನಿಲ್ಲದೇ ಹೋದ್ರೆ?”

“ಹಿಂದೆ ಹಗ್ಗ ಕಟ್ತೆ. ಹಿಡ್ಕಂಡೇ ಬತ್ತೆ.”

“ನೀವು ಬಿಟ್ಟುಬಿಟ್ರೆ?”

“ನಿನ್ನ ಬಿಡೂಕೆ ನಂಗೆ ಧೈರ್ಯ ಎಲ್ಲುಂಟು!”

ತಲೆಗೆ ಹೆಲ್ಮೆಟ್, ಕುತ್ತಿಗೆಗೆ ಮಫ್ಲರ್, ಮೊಣಕೈಗಳಿಗೆ ಅಮೂಲ್ಯಾಳ ಹಳೆಯ ದಿಂಬು. ಹೀಗೆ ರಣರಂಗಕ್ಕೆ ಸಜ್ಜಾಗಿ, ನೀರಿನಂಚಿನಲ್ಲಿ ಸಿಂಹಾಸನವೇರಿದೆ. ಕೈಯಲ್ಲಿದ್ದ ರಿಮೋಟಿನ ಗುಂಡಿ ಒತ್ತಿದೆ. ಮೋಟರು ಬೆಕ್ಕಿನಂತೆ ಗುರುಗುಟ್ಟಿತು. ಒದ್ದೆ ಹೊಯಿಗೆ ಕೆಳಗಿನಿಂದ ಜಾರತೊಡಗಿತು, ಉಪ್ಪುಗಾಳಿ ಮುಖಕ್ಕೆ ಬಡಿಯಿತು. ಆ ಮೊದಲ ವಾರದ ನಗು ಇಷ್ಟು ವರ್ಷ ಎಲ್ಲಿ ಅಡಗಿತ್ತೋ, ಬಂದೇಬಿಟ್ಟಿತು. ಇನ್ನಷ್ಟು ಒತ್ತಿದೆ.

ಹಿಂದಿನಿಂದ ಇವರ ಆರ್ತನಾದ: “ನಿಧಾನ! ನನ್ನ ಚಪ್ಪಲಿ ಹೋತು! ಹಿಡೀರೋ!”

ಪಕ್ಕದಲ್ಲೇ ಬೆಳ್ಳಕ್ಕನ ಗುಂಪು ಬಲೆ ಎಳೆದು ಮುಗಿಸಿ ಮೀನು ಹಂಚಿಕೊಳ್ಳುತ್ತಿತ್ತು. ಬಿಗಿದ ಹಗ್ಗವೊಂದು ಕಣ್ಣೆದುರು ಹಾದುಹೋದರೆ ಈ ದಡದ ಜನ ಕಾರಣ ಕೇಳುವುದಿಲ್ಲ, ಕೈ ಹಾಕುತ್ತಾರೆ. ಹತ್ತು ಜನ “ಹೈಸೋ!” ಎಂದು ಎಳೆದರು.

ಬೋರ್ಡು ನಿಂತಿತು. ನಾನು ನಿಲ್ಲಲಿಲ್ಲ.

ಹೆಲ್ಮೆಟ್ ಸಮೇತ ತೆರೆಯೊಳಗೆ ಬಿದ್ದ ನನ್ನನ್ನು ನೋಡಿ ಮೊದಲು ಚಪ್ಪಾಳೆ ತಟ್ಟಿದವಳು ನನ್ನ ಹೊಟ್ಟೆಯಲ್ಲೇ ಹುಟ್ಟಿದ ಅಮೂಲ್ಯಾ. ಬೆಳ್ಳಕ್ಕ ನನ್ನನ್ನು ಎತ್ತಿ ನಿಲ್ಲಿಸಿ, ತನ್ನ ಸೊಂಟಕ್ಕೆ ಕೈಯಿಟ್ಟಳು. “ಹಗ್ಗ ಎಳ್ದಾತು. ಪಾಲು ತೆಗಿ.”

“ಯಾವ ಪಾಲು? ನಾನೇನು ಮೀನಾ?”

“ಮೀನಾದ್ರೆ ಬುಟ್ಟಿಗೆ ಹಾಕ್ತಿದ್ದೆವು. ನಿನ್ನ ಕಟ್ಕಂಡು ಎಂತಾ ಮಾಡೂದು? ಒಬ್ಬೊಬ್ಬರಿಗೆ ಒಂದೊಂದು ಸುತ್ತು ಕೊಡು, ಸಾಕು.”

ಪದ್ಧತಿ ಪದ್ಧತಿಯೇ. ಹತ್ತೂ ಜನ ಸಾಲು ನಿಂತರು. ಕತ್ತಲಾಗುವವರೆಗೂ ಕುರ್ಚಿಯಲ್ಲಿ ಕೂತು, ಶಾಲೆ ಬಿಟ್ಟ ಮಕ್ಕಳಂತೆ ಕಿರುಚುತ್ತ ಹೋಗಿ ಬಂದರು. ಒಬ್ಬರೂ ಬೀಳಲಿಲ್ಲ. ಇಳಿದವರೆಲ್ಲ ಕೇಳಿದ್ದು ಮಾತ್ರ ಒಂದೇ: “ದುರ್ಗಪ್ಪಣ್ಣ ಎಲ್ಲಿ?”

ತಡೆಯಲಾಗಲಿಲ್ಲ. ಇವರ ಜೇಬಿನಿಂದ ಫೋನು ಕಿತ್ತುಕೊಂಡೆ.

“ಮಾವಾ, ನಾನು ವಿನುತಾ. ಬನ್ನಿ ಮಾವಾ, ತಪ್ಪಾಯ್ತು. ಕುರ್ಚಿ ಗಟ್ಟಿಯಾಗಿದೆ, ಹೆದರಿಕೆ ಏನೂ ಇಲ್ಲ.”

ಆ ಕಡೆ ಬಸ್ಸಿನ ಹಾರನ್ನು ಕೇಳಿಸಿತು.

“ಬತ್ತಾ ಇದ್ದೆ. ಹೊನ್ನಾವರ ದಾಟ್ತು. ನೀ ನೀರಿಗೆ ಬಿದ್ದ ವಿಡಿಯೊ ಬೆಳ್ಳಕ್ಕ ಕಳ್ಸಿದ್ಲು.”

“ಅಯ್ಯೋ! ನೋಡಿಬಿಟ್ಟಿರಾ?”

“ನಾಕು ಸಲ. ಮಗಾ, ನಾ ಬರೂವರೆಗೆ ನೀ ಅದ್ರ ಮೇಲೆ ಕೂರ್ಬೇಡ,” ಎಂದರು, ಆ ಕುರ್ಚಿಯಲ್ಲಿ ಒಮ್ಮೆಯೂ ಕೂರದ ಮಾವ. “ಬಂದು ನಾ ಕಲಿಸ್ತೆ.”