ಗಾಲಿಕುರ್ಚಿಯ ಕಿರುಗುಟ್ಟುವಿಕೆಯನ್ನು ಮರಳಿಸುವ ಕುರಿತು

ಕಾರ್ಯಾಗಾರ ಮತ್ತು ಉಪಕರಣಗಳ ವಿಭಾಗ
(ಹಳೇ ಕಟ್ಟಡ, ನೆಲಮಹಡಿ, ಗ್ರೀಸಿನ ವಾಸನೆ ಬರುವ ಬಾಗಿಲು)

ಸಂಖ್ಯೆ: ಕಾ.ಉ.ವಿ/ಗೀಳು/ಸದ್ದು/೧೭
ದಿನಾಂಕ: ಸಹಿಯಾದ ದಿನ (ಮೊಹರು ಸರಿಯಾಗಿ ಮೂಡುತ್ತಿಲ್ಲ, ಕಾರಣಕ್ಕೆ ನಿಯಮ ೧ ನೋಡುವುದು)

ಸುತ್ತೋಲೆ

ವಿಷಯ: ವಿದ್ಯಾರ್ಥಿಗಳ ರೇಸ್ ಕಾರು ತಂಡದಲ್ಲಿ ಕಂಡುಬಂದಿರುವ ಗೀಳಿನ ಲಕ್ಷಣಗಳನ್ನು ಹತೋಟಿಗೆ ತರುವ, ಹಾಗೂ ತಂಡದ ನಾಯಕಿಯ ಅಜ್ಜಿಯವರ ಗಾಲಿಕುರ್ಚಿಯಿಂದ ತೆಗೆದುಹಾಕಲಾದ ಕಿರುಗುಟ್ಟುವಿಕೆಯನ್ನು ಮೊದಲಿದ್ದಂತೆ ಮರಳಿಸುವ ಬಗ್ಗೆ.

ಉಲ್ಲೇಖ:
(ಅ) ನಾಯಕಿಯ ತಾಯಿಯವರು ದೂರವಾಣಿಯಲ್ಲಿ ಸಲ್ಲಿಸಿದ ದೂರು. ಮಗಳ ಫೋನನ್ನು ಕಾರಿನ ಅಲುಗಾಟ ಅಳೆಯಲೆಂದು ಕಾರಿನ ಹೊಟ್ಟೆಗೇ ಕಟ್ಟಿರುವುದರಿಂದ, ಎಷ್ಟು ಕರೆದರೂ ಕಾರೇ ಅಲುಗಾಡುತ್ತಿತ್ತೇ ಹೊರತು ಮಗಳು ಸಿಗಲಿಲ್ಲ. ಬೇರೆ ದಾರಿ ಕಾಣದೆ ಅವರು ಈ ವಿಭಾಗಕ್ಕೆ ಕರೆ ಮಾಡಿರುತ್ತಾರೆ.
(ಆ) ಗ್ರಂಥಪಾಲಕರ ಟಿಪ್ಪಣಿ, ಮೊಣಕೈ ನೋವಿನ ಕುರಿತು.
(ಇ) ಹಲ್ಲಿನ ವೈದ್ಯರ ಪತ್ರ, ರೋಗಿ ಮಾಯವಾದ ಕುರಿತು.

ಪ್ರಸ್ತಾವನೆ:

ಸದರಿ ತಂಡವು ಒಬ್ಬರೇ ಕೂರುವಂಥ ಸಣ್ಣ ರೇಸ್ ಕಾರೊಂದನ್ನು ಕಾಲೇಜಿನ ಕಾರ್ಯಾಗಾರದಲ್ಲಿ ತಾನೇ ಕಟ್ಟುತ್ತಿದ್ದು, ಅದನ್ನು ಬೇರೆ ಕಾಲೇಜುಗಳ ಕಾರುಗಳ ಜೊತೆ ಓಡಿಸುವ ಸ್ಪರ್ಧೆ ಹತ್ತಿರ ಬಂದಿರುತ್ತದೆ. ಕಾರು ಕಟ್ಟುವುದಕ್ಕೆ ಈ ವಿಭಾಗದ ಆಕ್ಷೇಪಣೆ ಏನೂ ಇರುವುದಿಲ್ಲ. ಆದರೆ ಕಾರಿಗೆ ಮಾಡಬೇಕಾದ್ದನ್ನೆಲ್ಲ ಕಣ್ಣಿಗೆ ಬಿದ್ದ ವಸ್ತುಗಳಿಗೆಲ್ಲ ಮಾಡಲಾಗುತ್ತಿದೆ ಎಂಬ ಅಂಶ ಗಮನಕ್ಕೆ ಬಂದಿದೆ.

ತಂಡದ ನಾಯಕಿ ಮೂರನೇ ವರ್ಷದ ವಿದ್ಯಾರ್ಥಿನಿ. ಕಾರಿನ ತೂಕ ಇಳಿಸುವುದನ್ನು ಬಿಟ್ಟು ಆಕೆಗೆ ಬದುಕಿನಲ್ಲಿ ಬೇರೆ ಆಸೆ ಇದ್ದಂತೆ ಕಾಣುವುದಿಲ್ಲ. ಕೈಗೆ ಸಿಕ್ಕಿದ್ದನ್ನೆಲ್ಲ ತೂಗಿ ನೋಡುವ ಕಾರಣ ಈ ಸುತ್ತೋಲೆಯಲ್ಲಿ ಆಕೆಯನ್ನು ‘ತಕ್ಕಡಿ’ ಎಂದು ಕರೆಯಲಾಗುವುದು. ಕಾಲೇಜಿನವರು ಸುತ್ತೋಲೆಗೆ ಕಾಯದೆ ಹಾಗೆಯೇ ಕರೆಯುತ್ತಿದ್ದಾರೆ. ಆಕೆಯ ಬಲಗೈಯಾಗಿ ವೆಲ್ಡಿಂಗ್ ಮಾಡುವ ಹುಡುಗನೊಬ್ಬನಿದ್ದು, ಅವನ ಅಂಗಿಗಳಲ್ಲಿ ಸುಡದ ಅಂಗಿ ಒಂದೂ ಉಳಿದಿಲ್ಲವಾದ್ದರಿಂದ ಅವನನ್ನು ‘ಕಿಡಿ’ ಎಂದು ಗುರುತಿಸಲಾಗಿದೆ.

ಮೇಲ್ಕಂಡ ಹಿನ್ನೆಲೆಯಲ್ಲಿ, ಸಂಬಂಧಪಟ್ಟ ಎಲ್ಲರಿಗೂ ಕೆಳಗಿನಂತೆ ತಿಳಿಯಪಡಿಸಲಾಗಿದೆ.

೧. ತೂತುಗಳ ಬಗ್ಗೆ: ಕಾರಿನ ಭಾಗಗಳಿಗೆ ತೂತು ಕೊರೆದರೆ ತೂಕ ಇಳಿಯುತ್ತದೆ ಎಂಬುದನ್ನು ವಿಭಾಗ ಒಪ್ಪುತ್ತದೆ. ಆದರೆ ಕ್ಯಾಂಟೀನಿನ ಚಮಚಗಳು ಕಾರಿನ ಭಾಗಗಳಲ್ಲ. ತೂತಿನ ಚಮಚದಲ್ಲಿ ಹಾಲು ಕುಡಿಯಲು ಹೋದ ಗಣಿತದ ಮೇಷ್ಟ್ರು ಅಂಗಿ ಬದಲಾಯಿಸಲು ಮನೆಗೆ ಹೋದವರು ಆ ದಿನ ಪಾಠಕ್ಕೆ ಬರಲಿಲ್ಲ. ಇದರಿಂದ ತರಗತಿಗೆ ಸಂತೋಷವಾದದ್ದು ಬೇರೆ ವಿಚಾರ. ಈ ವಿಭಾಗದ ಮೊಹರಿನ ಮರದ ಹಿಡಿಗೂ ಐದು ತೂತು ಕೊರೆಯಲಾಗಿದ್ದು, ಒತ್ತಿದರೆ ಹಿಡಿ ಬಾಗುತ್ತದೆ. ಕೊರೆದವರು ಯಾರೆಂದು ವಿಭಾಗಕ್ಕೆ ಗೊತ್ತಿದೆ. ತೂತುಗಳು ಬಹಳ ಅಚ್ಚುಕಟ್ಟಾಗಿವೆ.

೨. ತಿರುವುಗಳ ಬಗ್ಗೆ: ಕಾಲೇಜಿನ ಓಣಿಗಳಲ್ಲಿ ನಡೆಯುವಾಗ ತಿರುವಿಗೆ ಮೊದಲು ಹೊರಗೋಡೆಗೆ ಅಂಟಿಕೊಂಡು, ತಿರುವಿನಲ್ಲಿ ಒಳಮೂಲೆಯನ್ನು ಸವರಿ, ಮತ್ತೆ ಹೊರಗೋಡೆಗೆ ಹಾರುವ ರೇಸ್ ಕಾರಿನ ಪದ್ಧತಿಯನ್ನು ಈ ಕೂಡಲೇ ನಿಲ್ಲಿಸತಕ್ಕದ್ದು. ಉಲ್ಲೇಖ (ಆ)ರಲ್ಲಿನ ಗ್ರಂಥಪಾಲಕರು ಒಳಮೂಲೆಯಲ್ಲಿ ಪುಸ್ತಕ ಹಿಡಿದು ನಿಂತಿದ್ದರು. ಡಿಕ್ಕಿಗೆ ಕೆಳಗೆ ಬಿದ್ದ ಅವರನ್ನು ಎಬ್ಬಿಸಿ ಪುಸ್ತಕ ಆರಿಸಿಕೊಡುವ ಬದಲು, ‘ಸಾರ್, ನೀವು ನಿಂತಿದ್ದ ಜಾಗ ಸರಿಯಿಲ್ಲ’ ಎಂದು ತಿಳಿಹೇಳಿದ ವರ್ತನೆಯನ್ನು ವಿಭಾಗವು ಗಂಭೀರವಾಗಿ ಪರಿಗಣಿಸಿದೆ.

೩. ಕುರ್ಚಿಯಿಂದ ಹೊರಬೀಳುವ ಬಗ್ಗೆ: ಅಪಘಾತವಾದಲ್ಲಿ ಚಾಲಕ ಐದು ಸೆಕೆಂಡಿನೊಳಗೆ ಕಾರಿನಿಂದ ಹೊರಬರಬೇಕೆಂಬುದು ಸ್ಪರ್ಧೆಯ ನಿಯಮ. ಅದನ್ನು ಅಭ್ಯಾಸ ಮಾಡುವುದು ಒಳ್ಳೆಯದೇ. ಆದರೆ ಹಲ್ಲಿನ ವೈದ್ಯರ ಕುರ್ಚಿಯಲ್ಲಿ, ಬಾಯಿಯಲ್ಲಿ ಹತ್ತಿ ಇರುವಾಗ, ಅಭ್ಯಾಸ ಮಾಡುವಂತಿಲ್ಲ. ವೈದ್ಯರು ಕನ್ನಡಿ ತರಲು ತಿರುಗಿದರು. ತಿರುಗಿ ನೋಡುವಷ್ಟರಲ್ಲಿ ತಂಡದ ಚಾಲಕ ರಸ್ತೆಯಲ್ಲಿದ್ದ. ಹಲ್ಲು ಇನ್ನೂ ಹಾಗೇ ಇದೆ. ಇನ್ನು ಮುಂದೆ ಯಾರದೇ ಮನೆಯಲ್ಲಿ ಊಟದ ಎಲೆಯ ಮುಂದಿನಿಂದ ಏಳುವಾಗ ಕನಿಷ್ಠ ಒಂದು ನಿಮಿಷ ತೆಗೆದುಕೊಳ್ಳುವುದು ಹಾಗೂ ‘ಹೊಟ್ಟೆ ತುಂಬಿತು’ ಎಂದು ಹೇಳಿ ಏಳುವುದು.

೪. ಟೈರುಗಳ ಬಗ್ಗೆ: ಟೈರುಗಳನ್ನು ಬೆಚ್ಚಗಿಡುವುದು ಅಗತ್ಯವಿರಬಹುದು. ಆದರೆ ಹಾಸ್ಟೆಲಿನ ಕಂಬಳಿ ಮೊದಲು ಮನುಷ್ಯರಿಗೆ, ಮಿಕ್ಕರೆ ಟೈರಿಗೆ. ಕಿಡಿಯ ಮಂಚದ ಮೇಲೆ ಎರಡು ಟೈರು ಹೊದ್ದು ಮಲಗಿದ್ದು, ಕಿಡಿ ನೆಲದ ಮೇಲೆ ಮಲಗಿರುವುದನ್ನು ಹಾಸ್ಟೆಲಿನ ಮೇಲ್ವಿಚಾರಕರು ಕಣ್ಣಾರೆ ಕಂಡಿದ್ದಾರೆ. ಹಾಜರಿ ಕರೆಯುವಾಗ ಟೈರುಗಳ ಪರವಾಗಿ ‘ಇದ್ದೀವಿ ಸಾರ್’ ಎನ್ನುವುದನ್ನು ನಿಷೇಧಿಸಲಾಗಿದೆ.

೫. ಪ್ರೇಮದ ಬಗ್ಗೆ: ಈ ವಿಚಾರ ವಿಭಾಗದ ವ್ಯಾಪ್ತಿಗೆ ಬರುವುದಿಲ್ಲ. ಆದಾಗ್ಯೂ, ಸಹಪಾಠಿಯೊಬ್ಬಳಿಗೆ ‘ನಿನ್ನ ನಡಿಗೆಯಲ್ಲಿ ಕಂಪನವೇ ಇಲ್ಲ’ ಎಂದು ಕಿಡಿ ಹೊಗಳಿದ್ದು, ಆಕೆ ಅಂದಿನಿಂದ ಬೇರೆ ಮೆಟ್ಟಿಲು ಬಳಸುತ್ತಿದ್ದಾಳೆ. ತಂಡದ ಸದಸ್ಯರು ಇಂಥ ಸಂದರ್ಭಗಳಲ್ಲಿ ತಂಡದ ಹೊರಗಿನ, ಬುದ್ಧಿ ನೆಟ್ಟಗಿರುವ ಒಬ್ಬರಿಗೆ ಮಾತನ್ನು ಮೊದಲು ಹೇಳಿ ತೋರಿಸಿ ಒಪ್ಪಿಗೆ ಪಡೆಯತಕ್ಕದ್ದು.

೬. ಗಾಲಿಕುರ್ಚಿಯ ಬಗ್ಗೆ: ಈ ಸುತ್ತೋಲೆ ಹೊರಡಿಸಬೇಕಾಗಿ ಬಂದದ್ದೇ ಈ ಕಾರಣಕ್ಕೆ. ಮೇಲಿನ ಐದನ್ನು ನಗುತ್ತಾ ಓದಿದವರು ಇದನ್ನು ಸ್ವಲ್ಪ ನಿಧಾನವಾಗಿ ಓದುವುದು.

ತಕ್ಕಡಿಯ ಅಜ್ಜಿಯವರು ಗಾಲಿಕುರ್ಚಿಯಲ್ಲಿ ಓಡಾಡುವವರು. ಕೈಗಳಿಂದಲೇ ಚಕ್ರ ತಿರುಗಿಸಿಕೊಂಡು ಪ್ರತಿ ಸಂಜೆ ಬೀದಿಯ ಕೊನೆಯ ಮನೆಗೆ, ತಮ್ಮ ತಂಗಿಯನ್ನು ನೋಡಲು ಹೋಗುತ್ತಾರೆ. ಕುರ್ಚಿಯ ಕಾಲಿಡುವ ಹಲಗೆ ಸಡಿಲವಾಗಿದ್ದರಿಂದ, ಒಂದೇ ಒಂದು ತಿರುಪು ಬಿಗಿ ಮಾಡಿಕೊಡುವಂತೆ ಮೊಮ್ಮಗಳಿಗೆ ಹೇಳಲಾಯಿತು. ಮೊಮ್ಮಗಳು ಕುರ್ಚಿಯನ್ನು ಕಾರ್ಯಾಗಾರಕ್ಕೆ ತಂದಳು. ಅಲ್ಲಿಂದ ಮುಂದೆ ತಿರುಪಿನ ಪ್ರಸ್ತಾಪ ಎಲ್ಲಿಯೂ ಕಂಡುಬರುವುದಿಲ್ಲ.

ಕುರ್ಚಿಯನ್ನು ಪೂರ್ತಿ ಬಿಚ್ಚಲಾಯಿತು. ತೂಗಲಾಯಿತು. ಹಿಂಬದಿಯ ಬಟ್ಟೆಯ ಚೀಲ ಕತ್ತರಿಸಲಾಯಿತು. ಕನ್ನಡಕದ ಡಬ್ಬಿಯನ್ನು ತೂಗಿ, ‘ಅಜ್ಜೀ, ಇದು ಬೇಕೇ ಬೇಕಾ?’ ಎಂದು ಕೇಳಲಾಯಿತು. ದಾರ ಕಟ್ಟಿ ಚಕ್ರಗಳ ನೇರ ನೋಡಲಾಯಿತು. ಎಡ ಚಕ್ರದ ಹಳೇ ಬೇರಿಂಗ್ ಕಿರ್ರೋ ಎನ್ನುತ್ತಿದ್ದು, ಅದನ್ನು ಕೇಳಿದಾಗಲೆಲ್ಲ ತಂಡದವರು ಹಲ್ಲುನೋವು ಬಂದವರಂತೆ ಮುಖ ಹಿಂಡಿದ್ದಾರೆ. ಕಾರಿಗೆಂದು ತಂದಿದ್ದ ಹೊಸ ಬೇರಿಂಗನ್ನೇ ತಕ್ಕಡಿ ಅದಕ್ಕೆ ಹಾಕಿದಳು. ಅಜ್ಜಿಗೆಂದು ತನ್ನ ಕಾರಿನದನ್ನೇ ಬಿಟ್ಟುಕೊಟ್ಟಳು ಎಂಬುದನ್ನು ಇಲ್ಲಿ ದಾಖಲಿಸದಿದ್ದರೆ ತಪ್ಪಾದೀತು. ಕುರ್ಚಿ ಮನೆಗೆ ಮರಳಿದಾಗ ಅಜ್ಜಿಯವರು ಒಮ್ಮೆ ಚಕ್ರ ತಳ್ಳಿ ನಡುಮನೆಯಿಂದ ಅಡುಗೆಮನೆಯವರೆಗೆ ಸದ್ದಿಲ್ಲದೆ ಹೋದರು. ಒಲೆಯ ಮುಂದಿದ್ದ ಸೊಸೆ ಬೆಚ್ಚಿಬಿದ್ದು ಸೌಟು ಕೈಬಿಟ್ಟರು. ತಂಡ ಚಪ್ಪಾಳೆ ತಟ್ಟಿತು.

ಈ ವಿಭಾಗ ನಂತರ ವಿಚಾರಿಸಿ ತಿಳಿದ ಸಂಗತಿ ಹೀಗಿದೆ. ಅಕ್ಕತಂಗಿಯರಿಬ್ಬರಿಗೂ ಅವರ ತಾಯಿಯ ಹೊಲಿಗೆ ಯಂತ್ರದ ವಿಚಾರದಲ್ಲಿ ಬಹಳ ಹಿಂದೆ ಮಾತು ಬೆಳೆದು, ‘ನಿನ್ನ ಬಾಗಿಲಲ್ಲಿ ನಿಂತು ನಿನ್ನನ್ನ ಕರೆಯೋದಿಲ್ಲ’ ಎಂದು ಅಕ್ಕನವರೂ, ‘ನಾನೂ ನಿನ್ನನ್ನ ಬಾ ಅನ್ನೋದಿಲ್ಲ’ ಎಂದು ತಂಗಿಯವರೂ ಹೇಳಿಕೊಂಡಿರುತ್ತಾರೆ. ಇಬ್ಬರೂ ಆಡಿದ ಮಾತಿಗೆ ತಪ್ಪುವವರಲ್ಲ. ಸಿಟ್ಟು ಎಂದೋ ಇಳಿದಿದೆ, ಮಾತು ಮಾತ್ರ ಹಾಗೇ ನಿಂತಿದೆ. ತಂಗಿಯವರಿಗೆ ಕಣ್ಣು ಮಂಜು, ಕಿವಿ ಚುರುಕು. ಸಂಜೆ ಬೀದಿಯಲ್ಲಿ ಕಿರ್ರೋ ಎಂಬ ಸದ್ದು ಕೇಳಿದೊಡನೆ ಅವರು ಎದ್ದು, ಏನೋ ಕೆಲಸವಿದ್ದವರಂತೆ ಬಾಗಿಲು ತೆರೆದು ಹೊರಬರುತ್ತಿದ್ದರು. ಅಕ್ಕನವರು, ಸುಮ್ಮನೆ ಆ ಕಡೆ ಹೋಗುತ್ತಿದ್ದವರಂತೆ, ಗೇಟಿನ ಬಳಿ ಕುರ್ಚಿ ನಿಲ್ಲಿಸುತ್ತಿದ್ದರು. ಕರೆದವರೂ ಇಲ್ಲ, ಬಾ ಎಂದವರೂ ಇಲ್ಲ. ಕತ್ತಲಾಗುವವರೆಗೆ ಇಬ್ಬರೂ ಊರಿನವರನ್ನೆಲ್ಲ ಆಡಿಕೊಂಡು ಸುಖವಾಗಿರುತ್ತಿದ್ದರು.

ಕುರ್ಚಿ ದುರಸ್ತಿಯಾದ ಸಂಜೆ ಅಜ್ಜಿಯವರು ಹೋದರು. ಬಾಗಿಲು ತೆರೆಯಲಿಲ್ಲ. ಸ್ವಲ್ಪ ಹೊತ್ತು ಕೂತು ಹಿಂದಿರುಗಿದರು. ಮರುದಿನವೂ ಅಷ್ಟೇ, ಅದರ ಮರುದಿನವೂ ಅಷ್ಟೇ. ತಂಗಿಗೆ ಹಳೇ ಸಿಟ್ಟು ಮರುಕಳಿಸಿತು ಎಂದು ಅಕ್ಕನವರು ತಿಳಿದರು. ಅಕ್ಕ ಬರುವುದನ್ನೇ ಬಿಟ್ಟಳು ಎಂದು ಒಳಗೆ ಕಿವಿಗೊಟ್ಟು ಕೂತ ತಂಗಿಯವರು ತಿಳಿದರು. ಆಮೇಲೆ ಅಜ್ಜಿಯವರು ಹೋಗುವುದನ್ನೇ ನಿಲ್ಲಿಸಿ, ಸಂಜೆಯಾದರೆ ಗೋಡೆಗೆ ಮುಖ ಮಾಡಿ ಮಲಗತೊಡಗಿದರು, ಊಟವೂ ಕಡಿಮೆಯಾಯಿತು. ಆಗ ಉಲ್ಲೇಖ (ಅ)ರ ಕರೆ ಬಂತು.

ಸಂದೇಶ ತಲುಪಿದ ಕೂಡಲೇ ತಕ್ಕಡಿ ಕೈ ಸಹ ತೊಳೆಯದೆ ಮನೆಗೆ ಓಡಿದಳು. ಬೇರಿಂಗ್ ಬಿಗಿಯಾಗಿರಬೇಕು, ಕೈ ನೋಯುತ್ತಿರಬೇಕು ಎಂಬುದು ಆಕೆಯ ಅಂದಾಜು. ಚಕ್ರ ತಿರುಗಿಸಿ ನೋಡಿ, ‘ಎಷ್ಟು ಹಗುರ ಇದೆ ಅಜ್ಜೀ, ಮತ್ತ್ಯಾಕೆ ಹೋಗ್ತಿಲ್ಲ?’ ಎಂದು ಕೇಳಿದಳು. ಅಜ್ಜಿಯವರು ಗೋಡೆಯ ಕಡೆಯಿಂದ ಮುಖ ತಿರುಗಿಸಿ ಹೇಳಿದ್ದನ್ನು ವಿಭಾಗವು ಯಥಾವತ್ತಾಗಿ ಇಲ್ಲಿ ನಮೂದಿಸುತ್ತದೆ: ‘ಕುರ್ಚಿ ಚೆನ್ನಾಗೇ ಇದೆ ಕಣೇ. ಹೋಗಿದ್ದೂ ಗೊತ್ತಾಗಲ್ಲ, ಬಂದಿದ್ದೂ ಗೊತ್ತಾಗಲ್ಲ. ನಾನು ಬಂದಿದ್ದು ಅವಳಿಗೆ ಹೇಗೆ ಗೊತ್ತಾಗ್ಬೇಕು, ಹೇಳು?’

ತಕ್ಕಡಿ ಕಾರ್ಯಾಗಾರಕ್ಕೆ ಹಿಂದಿರುಗಿ, ಉಪಕರಣದ ಪೆಟ್ಟಿಗೆಯ ಮೇಲೆ ಕೂತು ಅತ್ತಳು. ಗ್ರೀಸಿನ ಬಟ್ಟೆಯಿಂದಲೇ ಮೂಗು ಒರೆಸಿಕೊಂಡಿದ್ದರಿಂದ ಮುಖವೆಲ್ಲ ಕಪ್ಪಾಗಿತ್ತು, ಆದರೂ ಯಾರೂ ನಗಲಿಲ್ಲ. ತಾನೇ ಹೋಗಿ ಚಿಕ್ಕಜ್ಜಿಗೆ ಎಲ್ಲವನ್ನೂ ಹೇಳಿಬಿಡುತ್ತೇನೆಂದು ಆಕೆ ಎದ್ದದ್ದುಂಟು. ಹಾಗೆ ಹೇಳಿಸಿದರೆ ಅಕ್ಕ ಕರೆಸಿದಂತಾಗುತ್ತದೆ, ಅಷ್ಟು ವರ್ಷ ಕಾಪಾಡಿಕೊಂಡ ಮಾನ ಹೋಗುತ್ತದೆ ಎಂದು ತಾಯಿಯವರು ಈ ವಿಭಾಗದ ದೂರವಾಣಿಯಲ್ಲಿಯೇ ತಡೆದಿರುತ್ತಾರೆ.

೭. ಮರಳಿಸುವ ವಿಧಾನ: ಸದ್ದು ಹೋಗಲಾಡಿಸುವುದನ್ನಷ್ಟೇ ಕಲಿತ ತಂಡಕ್ಕೆ ಸದ್ದು ತರಿಸಲು ಬರುವುದಿಲ್ಲ ಎಂಬುದು ಪ್ರಯೋಗಗಳಿಂದ ದೃಢಪಟ್ಟಿದೆ. ಅಜ್ಜಿಯವರನ್ನು ಅಂಗಳದಲ್ಲಿ ಕೂರಿಸಿ, ಅವರ ಕಿವಿಯನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಲಾಯಿತು. ಕಿಡಿ ತಗಡಿನ ಪಟ್ಟಿಯೊಂದನ್ನು ಬೆಸೆದು ತಂದ. ಇಲಿ ಸಿಕ್ಕಿಬಿದ್ದ ಹಾಗಿದೆ ಎಂದು ಅಜ್ಜಿಯವರು ತಿರಸ್ಕರಿಸಿದರು. ರಬ್ಬರಿನ ತುಂಡು ಇಟ್ಟರೆ, ಇದು ಪಕ್ಕದ ಮನೆಯವರ ಗೇಟು ಎಂದರು. ಗಂಟೆ ಕಟ್ಟೋಣವೇ ಎಂದು ಚಾಲಕ ಕೇಳಿದ್ದಕ್ಕೆ, ತಾವೇನು ಹಸುವೇ ಎಂದು ವಿಚಾರಿಸಿದ್ದಾರೆ.

ಕೊನೆಗೆ ಹಳೇ ಬೇರಿಂಗ್ ಸಿಕ್ಕಿತು. ಯಾವುದನ್ನೂ ಎಸೆಯದ ತಂಡದ ದುರಭ್ಯಾಸವನ್ನು ಈ ಹಿಂದಿನ ಸುತ್ತೋಲೆಗಳಲ್ಲಿ ಖಂಡಿಸಲಾಗಿದ್ದು, ಆ ಖಂಡನೆಯನ್ನು ಈ ಮೂಲಕ ಹಿಂಪಡೆಯಲಾಗಿದೆ. ಆದರೆ ತಕ್ಕಡಿ ಅದನ್ನು ಅಷ್ಟರಲ್ಲಾಗಲೇ ಸೀಮೆಎಣ್ಣೆಯಲ್ಲಿ ತೊಳೆದು, ಗ್ರೀಸು ತುಂಬಿ, ಬಟ್ಟೆಯಲ್ಲಿ ಸುತ್ತಿಟ್ಟಿದ್ದಳು. ಅದು ಹೊಸದಕ್ಕಿಂತ ಮೆತ್ತಗೆ ತಿರುಗುತ್ತಿತ್ತು. ಇಷ್ಟು ದಿನ ಒಂದು ಧೂಳಿನ ಕಣಕ್ಕೂ ಕೂಗಾಡುತ್ತಿದ್ದವಳು ಗ್ರೀಸನ್ನೆಲ್ಲ ತೆಗೆದು, ಬೀದಿಗೆ ಹೋಗಿ, ಅಜ್ಜಿಯವರ ಕುರ್ಚಿ ನಿತ್ಯ ಹಾಯುವ ಜಾಗದಿಂದಲೇ ಒಂದು ಹಿಡಿ ಮಣ್ಣು ತಂದು, ತನ್ನ ಕೈಯಾರೆ ಬೇರಿಂಗಿಗೆ ತಿಕ್ಕಿದಳು. ತಿಕ್ಕುವಾಗ ತಂಡದವರು ಬೇರೆ ಕಡೆ ನೋಡುತ್ತಿದ್ದರು.

ಜೋಡಿಸಿ ತಳ್ಳಿದಾಗ ಕುರ್ಚಿ ಕಿರ್ರೋ ಎಂದಿತು. ಅಜ್ಜಿಯವರು ಕಣ್ಣು ಮುಚ್ಚಿ ಇನ್ನೊಂದು ಸಲ ತಳ್ಳಿದರು, ಮತ್ತೊಂದು ಸಲ ತಳ್ಳಿದರು, ‘ಹ್ಞೂಂ, ಇದೇ’ ಎಂದರು. ಹಳೇ ಬೇರಿಂಗ್ ಹೊಸದಕ್ಕಿಂತ ಮೂವತ್ತು ಗ್ರಾಂ ಭಾರ ಎಂದು ಕಿಡಿ ಅಂಜುತ್ತಲೇ ತಿಳಿಸಿದಾಗ, ತಕ್ಕಡಿ ‘ಇರಲಿ ಬಿಡೋ’ ಎಂದಳು. ಈ ಎರಡು ಪದಗಳು ಆಕೆಯ ಬಾಯಿಂದ ಈ ಕಾರ್ಯಾಗಾರದಲ್ಲಿ ಕೇಳಿಬಂದದ್ದು ಇದೇ ಮೊದಲು.

೮. ಆದುದರಿಂದ ಈ ಮೂಲಕ ಆದೇಶಿಸಲಾಗಿದೆ:

(ಕ) ಸದರಿ ಕಿರುಗುಟ್ಟುವಿಕೆಯನ್ನು ಕುರ್ಚಿಯ ಅವಿಭಾಜ್ಯ ಭಾಗವೆಂದು ಪರಿಗಣಿಸತಕ್ಕದ್ದು. ಅದರ ಹತ್ತಿರ ಎಣ್ಣೆಡಬ್ಬಿ ಹಿಡಿದು ಸುಳಿಯುವವರ ಮೇಲೆ ಶಿಸ್ತುಕ್ರಮ ಜರುಗಿಸಲಾಗುವುದು.

(ಖ) ಸದ್ದು ಕಡಿಮೆಯಾದಲ್ಲಿ ತಕ್ಕಡಿಯೇ ಮನೆಗೆ ಹೋಗಿ ಮಣ್ಣು ತಿಕ್ಕಿ ಬರತಕ್ಕದ್ದು. ಸದ್ದು ಕಡಿಮೆಯಾಗದಿದ್ದರೂ ಹೋಗಿ ಬರುವುದು. ತಾಯಿಯವರು ಇದನ್ನು ಪ್ರತ್ಯೇಕವಾಗಿ ಕೋರಿದ್ದಾರೆ.

(ಗ) ಕಾಲಿಡುವ ಹಲಗೆಯ ತಿರುಪು ಇನ್ನೂ ಸಡಿಲವಾಗಿಯೇ ಇರುವುದು ಇಂದು ಬೆಳಿಗ್ಗೆ ಪತ್ತೆಯಾಗಿದೆ. ಅದನ್ನು ಬಿಗಿ ಮಾಡುವುದು. ಅದನ್ನಷ್ಟೇ ಬಿಗಿ ಮಾಡುವುದು.

(ಘ) ಕುರ್ಚಿಯು ಈ ಸಂಜೆ ಎಂದಿನ ಹೊತ್ತಿಗೆ ಹೊರಡಲಿದೆ. ಆ ಸಮಯದಲ್ಲಿ ಬೀದಿಯ ಮರದ ಹಿಂದೆ ಅವಿತು ನೋಡಲು ಅನುಮತಿ ಕೋರಿ ತಂಡ ಸಲ್ಲಿಸಿದ ಮನವಿಯನ್ನು ತಿರಸ್ಕರಿಸಲಾಗಿದೆ. ಮರ ಒಂದೇ ಇದ್ದು, ಅದರ ಹಿಂದೆ ಈ ವಿಭಾಗ ನಿಲ್ಲಲಿದೆ.

ಈ ಆದೇಶ ತಕ್ಷಣದಿಂದ ಜಾರಿಗೆ ಬರುತ್ತದೆ.

ಸಹಿ/-
ಅಧೀಕ್ಷಕರು
ಕಾರ್ಯಾಗಾರ ಮತ್ತು ಉಪಕರಣಗಳ ವಿಭಾಗ
(ಮೊಹರು: ಅರ್ಧ ಮೂಡಿದೆ)

ಪ್ರತಿಗಳು:
೧. ಪ್ರಾಂಶುಪಾಲರಿಗೆ, ಅವಗಾಹನೆಗಾಗಿ, ಓಣಿಯ ತಿರುವಿನಲ್ಲಿ ಎಚ್ಚರಿಕೆಯಿಂದ ಬರುವಂತೆ ಕೋರಿಕೆಯೊಂದಿಗೆ.
೨. ಗ್ರಂಥಪಾಲಕರಿಗೆ, ಮುಲಾಮಿನ ಜೊತೆ.
೩. ಹಲ್ಲಿನ ವೈದ್ಯರಿಗೆ. ರೋಗಿಯನ್ನು ಕುರ್ಚಿಗೆ ಕಟ್ಟಲು ಕಾರಿನ ಬೆಲ್ಟನ್ನು ಎರವಲು ಕೊಡಲಾಗುವುದು.
೪. ಮಂಚದ ಮೇಲಿನ ಎರಡು ಟೈರುಗಳಿಗೆ, ಕಿಡಿಯ ಮೂಲಕ.
೫. ತಕ್ಕಡಿಯ ತಾಯಿಯವರಿಗೆ, ದೂರು ವಿಲೇವಾರಿಯಾದ ಬಗ್ಗೆ.
೬. ಬೀದಿಯ ಕೊನೆಯ ಮನೆಯ ತಂಗಿಯವರಿಗೆ, ಸೂಕ್ತ ಕ್ರಮಕ್ಕಾಗಿ. ಈ ಪ್ರತಿಯನ್ನು ಅಂಚೆಯಲ್ಲಿ ಕಳಿಸುತ್ತಿಲ್ಲ. ಬರುವುದು ಕೇಳಿಸುತ್ತದೆ.