ಸೊಳ್ಳೆ ಅರೆಯುವ ಪೆಟ್ಟಿಗೆ

ನಾನು ಲ್ಯಾಬ್ ಟೆಕ್ನಿಷಿಯನ್. ಟಿಫನ್ ಕ್ಯಾರಿಯರ್‌ಗಿಂತ ಸ್ವಲ್ಪ ದೊಡ್ಡದಾದ ಒಂದು ಮಿಷನ್ ಹೆಗಲಿಗೆ ಹಾಕಿಕೊಂಡು ಬೀದಿ ಬೀದಿ ಸುತ್ತೋದು ನನ್ನ ಕೆಲಸ. ಹಿಡಿದ ಸೊಳ್ಳೆಯನ್ನೋ ಉಣ್ಣಿಯನ್ನೋ ಅರೆದು ಅದರೊಳಗಿಟ್ಟರೆ, ವೈರಸ್ ಇದೆಯೋ ಇಲ್ಲವೋ ಅಂತ ಒಂದು ಗಂಟೆಯೊಳಗೆ ಅಲ್ಲೇ ಹೇಳುತ್ತೆ. ಮನುಷ್ಯರ ತಲೆಯೊಳಗೆ ಏನಿದೆ ಅಂತ ಹೇಳೋ ಮಿಷನ್ ಇನ್ನೂ ಬಂದಿಲ್ಲ. ಅದಕ್ಕೇ ನನಗೆ ಇಂಥ ಪ್ರಸಂಗಗಳು ದಿನಾ ಸಿಗ್ತಾನೇ ಇರುತ್ತವೆ.

೧. ಪಕ್ಕದ ಮನೆಯವು

ಕುರುಬರಹಳ್ಳಿಯ ಒಬ್ಬ ರಿಟೈರ್ಡ್ ಮೇಷ್ಟ್ರು ಗೇಟೇ ತೆಗೆಯಲಿಲ್ಲ. "ನಮ್ಮನೇಲಿ ಸೊಳ್ಳೆ ಇಲ್ಲಮ್ಮ, ನಾವು ತುಂಬಾ ಕ್ಲೀನು," ಅಂದರು, ಮೊಣಕೈ ಕೆರೆದುಕೊಳ್ಳುತ್ತಾ. ಅರ್ಧ ಗಂಟೆ ಬೇಡಿಕೊಂಡ ಮೇಲೆ ಒಳಗೆ ಬಿಟ್ಟರು. ಸಂಪಿನ ಹತ್ತಿರ ಹನ್ನೊಂದು ಸೊಳ್ಳೆ ಸಿಕ್ಕವು. ಪರೀಕ್ಷೆ ಮಾಡಿದರೆ, ಡೆಂಗಿ ಇದೆ.

ಮೇಷ್ಟ್ರು ಕನ್ನಡಕ ಏರಿಸಿ ನನ್ನ ಫಾರಂ ಓದಿದರು. "ಅಲ್ಲಮ್ಮಾ, ನಮ್ಮ ಡೋರ್ ನಂಬರ್ ಯಾಕೆ ಬರೆದ್ರಿ? ಪಕ್ಕದ್ಮನೇದು ಹಾಕಿ. ಅವು ಅವರ ಸೊಳ್ಳೆ. ಇಲ್ಲಿಗೆ ಊಟಕ್ಕೆ ಬರ್ತವೆ, ಅಷ್ಟೆ."

೨. ಪಾಪು

ಬಸವೇಶ್ವರನಗರದ ಒಬ್ಬ ಆಂಟಿ ತಾವೇ ಕರೆದರು. ಅವರ ನಾಯಿ ಪಾಪುವಿನ ಕಿವಿಯಲ್ಲಿ ಒಂದು ಉಣ್ಣಿ ಸಿಕ್ಕಿತ್ತು. ಅರೆದು ನೋಡಿದೆ, ಏನೂ ಇರಲಿಲ್ಲ.

"ಗೊತ್ತಿತ್ತು. ನಮ್ಮ ಪಾಪು ಹೊರಗಡೆ ಏನೂ ಮುಟ್ಟಲ್ಲ," ಅಂದರು.

ಅಷ್ಟರಲ್ಲಿ ಕೆಲಸದಾಕೆ ಗೋಡೆ ಹಿಡಿದುಕೊಂಡು ಬಂದಳು. "ಅಕ್ಕಾ, ಮೂರು ದಿನದಿಂದ ಜ್ವರ. ಕಣ್ಣು ತೆಗೆಯೋಕಾಗ್ತಿಲ್ಲ."

"ಅವಳಿಗೆ ಪಾತ್ರೆ ಕಂಡ್ರೆ ಜ್ವರ ಬರುತ್ತೆ ಬಿಡಿ," ಅಂದರು ಆಂಟಿ.

ನಾನೇ ಅವಳನ್ನು ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ರಕ್ತದಲ್ಲಿ ಡೆಂಗಿ. ಅಡ್ಮಿಟ್ ಮಾಡಿಕೊಂಡರು. ಆಂಟಿಗೆ ಫೋನ್ ಮಾಡಿ ತಿಳಿಸಿದೆ. ಆ ಕಡೆಯಿಂದ ಅಳೋ ದನಿ. ಪರವಾಗಿಲ್ಲ, ಕರುಳು ಅನ್ನೋದು ಇದೆ ಅಂದುಕೊಂಡೆ.

"ಬೇಗ ಬನ್ನಮ್ಮ, ಇನ್ನೊಂದ್ಸಲ ಟೆಸ್ಟ್ ಮಾಡ್ಬೇಕು," ಅಂದರು. "ಪಾಪೂಗೆ ದಿನಾ ಸ್ನಾನ ಮಾಡಿಸ್ತಿದ್ದಿದ್ದೇ ಅವಳು!"

೩. ಉದ್ಘಾಟನೆ

ವಿಜಯನಗರದಲ್ಲಿ ಮಿಷನ್ನಿಗೆ ಉದ್ಘಾಟನೆ ಇಟ್ಟರು. ಅದು ಎಂಟು ತಿಂಗಳಿಂದ ನನ್ನ ಹೆಗಲ ಮೇಲೇ ಓಡಾಡ್ತಿತ್ತು, ಆ ಮಾತು ಬೇರೆ. ಬರೋ ಲೀಡರ್‌ಗೆ ಸೊಳ್ಳೆ ಕಚ್ಚಬಾರದು ಅಂತ ನಮ್ಮ ಸಾಹೇಬರು ಹಿಂದಿನ ದಿನ ಬೀದಿಗೆಲ್ಲ ಹೊಗೆ ಹಾಕಿಸಿದ್ದರು. ಬೆಳಿಗ್ಗೆ ನೋಡಿದರೆ, ಪರೀಕ್ಷೆ ಮಾಡಿ ತೋರಿಸೋದಕ್ಕೆ ಒಂದು ಸೊಳ್ಳೆಯೂ ಇಲ್ಲ.

"ಎಲ್ಲಿಂದಾದ್ರೂ ನಾಲ್ಕು ಹಿಡ್ಕೊಂಡ್ ಬನ್ನಿ ಮೇಡಂ, ಮಾನ ಹೋಗುತ್ತೆ!" ಅಂತ ಸಾಹೇಬರು ಬೆವರಿದರು.

ಹುಡುಕಿ ಹುಡುಕಿ ಕೊನೆಗೆ ಅವರ ಆಫೀಸಿಗೇ ಹೋದೆ. ಅವರ ಕುರ್ಚಿ ಹಿಂದೆ ಮನಿಪ್ಲಾಂಟ್ ಇಟ್ಟಿದ್ದ ನೀರಿನ ಬಾಟಲಿ ಸುತ್ತ ಬೇಕಾದಷ್ಟಿದ್ದವು.

ಎಲ್ಲರೆದುರು ಅರೆದು ಮಿಷನ್ನಿಗಿಟ್ಟೆ. ಲೀಡರ್ ಭಾಷಣ ಮುಗಿಸೋ ಹೊತ್ತಿಗೆ ರಿಸಲ್ಟ್ ಬಂತು. ಸಾಹೇಬರ ಕಿವಿಯಲ್ಲಿ, "ಪಾಸಿಟಿವ್ ಸಾರ್. ಡೆಂಗಿ ಇದೆ. ನಿಮ್ಮ ರೂಮಿನವೇ," ಅಂದೆ. ಅವರ ಮುಖ ಬಿಳಿಚಿಕೊಂಡಿತು.

ಲೀಡರ್ ಕಿವಿಗೆ ಬಿದ್ದಿದ್ದು ಮೊದಲನೇ ಪದ ಮಾತ್ರ. ತಕ್ಷಣ ಮೈಕ್ ಹಿಡಿದರು. "ಬಂಧುಗಳೇ, ನಮ್ಮ ವಾರ್ಡಿನ ರಿಸಲ್ಟು ಪಾಸಿಟಿವ್ ಬಂದಿದೆ! ಎಲ್ಲಿ, ಜೋರಾಗಿ ಚಪ್ಪಾಳೆ!"

ಇಡೀ ಶಾಮಿಯಾನ ಚಪ್ಪಾಳೆ ಹೊಡೆಯಿತು. ಎಲ್ಲರಿಗಿಂತ ಜೋರಾಗಿ ಸಾಹೇಬರು. ಆ ಕೈಗಳ ನಡುವೆ ಒಂದು ಸೊಳ್ಳೆಯಾದರೂ ಸಿಕ್ಕಿ ಸತ್ತಿದ್ದರೆ, ನಮ್ಮ ಆಫೀಸಿಂದ ಆವತ್ತು ಏನೋ ಒಂದು ಕೆಲಸ ಆದಂತಾಗುತ್ತಿತ್ತು.